ಇತರೆ, ವಿವರಿಸಿ

ಉಪ್ಪಳದಲ್ಲಿ ಬಸ್ಸಿಳಿದು ಆಟೋದವನಿಗೆ ಮಲಯಾಳದಲ್ಲಿ ದಾರಿ ಹೇಳಿ,
ಗೇಟಿನ ಹತ್ತಿರ ತುಳುವಿನಲ್ಲಿ ನಾಯಿಯನ್ನು ಗದರಿಸಿ,
ಒಳಗೆ ಹೋಗಿ ಕನ್ನಡದಲ್ಲಿ ನಮಸ್ಕಾರ ಅಂದೆ.
ಐಮನ್ ಅಯ್ಯನವರು ಸಮ್ಮತಿಪತ್ರವನ್ನು ಎರಡು ಸಲ ಓದಿದರು.
ಸಹಿ ಹಾಕುವ ಮೊದಲು
ನನ್ನ ಒಂದು ಕಾಗುಣಿತ ತಿದ್ದಿದರು.

ನನ್ನ ವಿಷಯ ದೊಡ್ಡದು, ಅದರ ಹೆಸರು ಇನ್ನೂ ದೊಡ್ಡದು:
ಗಡಿನಾಡಿನ ಬಹುಜನಾಂಗೀಯ ಸಭೆಗಳು ಮತ್ತು ಅವುಗಳ ಪಾಲಕರು,
ಒಂದು ಗುಣಾತ್ಮಕ ಅಧ್ಯಯನ.
ಅಯ್ಯನವರ ಸಭೆ ಸಣ್ಣದು.
ತುಳುವಿನ ಹಳೇ ಕುಟುಂಬ ಹತ್ತೊಂಬತ್ತು,
ಹೆಂಚಿನ ಕಾರ್ಖಾನೆಯ ಕಾಲದವರು,
ಗೋಡೆಯ ಫೋಟೋದಲ್ಲಿ ಅಜ್ಜಂದಿರಿಗೂ ಟೈ ಇರುವವರು;
ಕಣ್ಣೂರಿನಿಂದ ಬಂದ ಮಲಯಾಳದವರು ಆರು;
ಗುಡ್ಡೆಯ ಕೊರಗರ ಮನೆ ಮೂರು;
ಮತ್ತೆ ಮುರಕಲ್ಲಿನ ಕೋರೆಯಿಂದ
ಆದಿತ್ಯವಾರ ಮಿಂದು, ತಲೆಗೆ ಎಣ್ಣೆ ಹಾಕಿ ಬರುವ
ಝಾರ್ಖಂಡಿನ ಹುಡುಗರು: ಟಿರ್ಕಿ, ಮಿಂಜ್, ಕುಜೂರ್.
"ಅವರ ಲೆಕ್ಕ ನನ್ನಲ್ಲಿಲ್ಲ," ಅಂದರು,
"ಕಂತ್ರಾಟುದಾರನಲ್ಲಿ ಉಂಟು."

ಪ್ರಶ್ನೆ ಆರು: ಪ್ರಸಂಗ ಯಾವ ಭಾಷೆಯಲ್ಲಿ?
"ಓದುವುದು ಕನ್ನಡ. ವಿವರಿಸುವುದು ತುಳು.
ಸತ್ತ ಮನೆಯಲ್ಲಿ ಅವರವರದ್ದು.
ಹಿಂದಿ ನನಗೆ ಸಿನಿಮಾದ್ದು ಮಾತ್ರ ಬರುವುದು ಮಾರಾಯ್ತಿ.
ಆ ಹುಡುಗರಿಗೆ ದೇವರ ಪ್ರೀತಿ ಹೇಳಲು ಹೋದರೆ
ಹೀರೋ ಹೀರೋಯಿನ್ನಿಗೆ ಹೇಳಿದ ಹಾಗೆ ಆಗ್ತದೆ.
ನಗ್ತಾರೆ. ನಗಲಿ."

ಪ್ರಶ್ನೆ ಹನ್ನೊಂದು: ಯಾರು ಎಲ್ಲಿ ಕೂರುತ್ತಾರೆ?
"ಎಲ್ಲಿ ಬೇಕಾದರೂ."
ನಾಲ್ಕು ವಾರ ಕೊನೇ ಬೆಂಚಿನಲ್ಲಿ ಕೂತು
ನಾನು ನಕ್ಷೆ ಬರೆದುಕೊಂಡಿದ್ದೆ. ಹೇಳಲಿಲ್ಲ.
ಬರೆಯುವುದನ್ನು ಅವರು ಪೀಠದಿಂದ ನೋಡಿದ್ದರು.
ಅವರೂ ಹೇಳಲಿಲ್ಲ.

ಪ್ರಶ್ನೆ ಹದಿನಾಲ್ಕು: ಸಭೆಯೊಳಗೆ ಎಂದಾದರೂ ಘರ್ಷಣೆ?
ಹೌದು. ಇಲ್ಲ. ಇತರೆ, ವಿವರಿಸಿ.
"ಇಲ್ಲ ಅಂತ ಬರೀರಿ."
ಬರೆದೆ.
ಫ್ಯಾನು ಮೂರು ಸುತ್ತಿಗೊಮ್ಮೆ ಕಿರ್ರೆಂದಿತು.
ಅಯ್ಯನವರು ಎದ್ದು ಕಪಾಟಿನ ಬೀಗ ತೆಗೆದರು.

ಒಂದೇ ಒಂದು ಬೆಳ್ಳಿಯ ಬಟ್ಟಲು,
ಹಡಗಿನಲ್ಲಿ ಬಂದದ್ದು,
ನೂರು ವರ್ಷದ ತುಟಿಗಳು ಅಂಚು ಸವೆಸಿದ್ದು.
ಪಕ್ಕದಲ್ಲಿ ತಟ್ಟೆ ತುಂಬ ಗಾಜಿನ ಪುಟ್ಟ ಲೋಟ,
ಕೆಮ್ಮಿನ ಔಷಧ ಅಳೆಯುವಷ್ಟೇ ಗಾತ್ರ.
"ಕೋರೆಯ ಹುಡುಗರು ಮೊದಲ ಸಲ
ಪ್ರಭುಭೋಜನದ ಸಾಲಿನಲ್ಲಿ ನಿಂತದ್ದು ಈಸ್ಟರಿಗೆ.
ಇವು ಬಂದದ್ದು ಪೆಂಟೆಕೋಸ್ತಿಗೆ.
ನಡಾವಳಿ ಪುಸ್ತಕ ಬೇಕಾದರೆ ನೋಡಿ:
ಆರೋಗ್ಯದ ದೃಷ್ಟಿಯಿಂದ. ಸರ್ವಾನುಮತ.
ಕೆಳಗಿರುವುದು ನನ್ನದೇ ಸಹಿ."

ಮೊದಲು, ಕೊರಗರು ಇದೇ ಬಟ್ಟಲಿನಲ್ಲಿ?
"ಇದರಲ್ಲೇ. ಆದರೆ ಅವರು ಯಾವಾಗಲೂ ಕೊನೆಗೆ ಬರುತ್ತಿದ್ದರು.
ನಾನದನ್ನು ವಿನಯ ಅಂದುಕೊಂಡಿದ್ದೆ
ಇಪ್ಪತ್ತು ವರ್ಷ."
ಸ್ವಲ್ಪ ತಡೆದು,
"ನಿಮ್ಮ ಕಡೆ ಹೇಗೆ?" ಅಂದರು.

ಪ್ರಶ್ನಾವಳಿಯಲ್ಲಿ ಈ ಪ್ರಶ್ನೆ ಇರಲಿಲ್ಲ.
ಪೆರ್ಲದ ನಮ್ಮ ಮನೆಯ ಹಟ್ಟಿಗೋಡೆಯ ಮೇಲೆ
ಕವುಚಿಟ್ಟ ಒಂದು ಸ್ಟೀಲ್ ಲೋಟ ಇತ್ತು.
ತನಿಯನ ಲೋಟ ಅನ್ನುತ್ತಿದ್ದೆವು.
ತನಿಯ ಸತ್ತ ಮೇಲೆ ಬೇರೆಯವನು ಬಂದ,
ಅವನ ಹೆಸರು ನನಗೆ ನೆನಪಿಲ್ಲ.
ಅವನು ಕುಡಿದದ್ದೂ ತನಿಯನ ಲೋಟದಲ್ಲೇ.
ಇದನ್ನು ಹೇಳಿದೆನೋ, ಹೇಳಿದೆ ಅಂದುಕೊಂಡೆನೋ,
ರೆಕಾರ್ಡಿನಲ್ಲಿ ನನ್ನ ಸ್ವರ ಇಲ್ಲ.

ಮಾರನೇ ದಿನ ಭೋಜನದ ಆದಿತ್ಯವಾರ.
ಅಯ್ಯನವರು ತೋಳು ಮಡಚಿ ಬೋಗುಣಿಗೆ ಬಿಸಿನೀರು ಸುರಿದರು.
ತೊಳೆಯುವ ಕೆಲಸ ಯಾರಿಗೂ ಕೊಡುವುದಿಲ್ಲವಂತೆ.
ನನ್ನ ಕೈಗೆ ಒಂದು ಮಲ್ಲಿನ ತುಂಡು ಬಂತು.
ಅವರು ತೊಳೆದರು, ನಾನು ಒರೆಸಿದೆ. ಐವತ್ತೆರಡು.
ಬಟ್ಟಲನ್ನೂ ತೊಳೆದರು, ಬಳಸದಿದ್ದರೂ.

ಬರಹಕ್ಕಿಳಿಸುವಾಗ ನನ್ನ ಮಾರ್ಗದರ್ಶಕರು ಕೇಳಿದರು,
ನಡುವಿನ ಈ ಹನ್ನೆರಡು ನಿಮಿಷ ಎಂತ?
ಗಾಜಿನ ಸದ್ದು ಸರ್.
ಮಾಹಿತಿ ಅಲ್ಲದ್ದು ಕತ್ತರಿಸಿ, ಅಂದರು.

ಕತ್ತರಿಸಿಲ್ಲ. ಎಲ್ಲಿ ಸೇರಿಸುವುದೂ ತಿಳಿದಿಲ್ಲ.
ಮೂವತ್ತನೆಯದೋ ಏನೋ, ಒಂದು ಲೋಟದ ಅಂಚಿನಲ್ಲಿ
ಕೆಂಪು ಕಂಡಿತ್ತು, ಎಷ್ಟು ಒರೆಸಿದರೂ ಹೋಗದೆ.
ಕೋರೆಯ ಧೂಳಿರಬೇಕು ಅಂದುಕೊಂಡೆ ಥಟ್ಟನೆ,
ದ್ರಾಕ್ಷಾರಸ ಇರಬಹುದೆಂದು
ಮನೆಗೆ ಬಂದ ಮೇಲೆ ಹೊಳೆಯಿತು.